ಸೋತ ಮರುದಿನದ ಲಾರಿ

ನವೆಂಬರ್ ೨೭, ಭಾನುವಾರ

ಮೈಕಿನಲ್ಲಿ ಹಾಗೆ ಹೇಳಬಾರದಿತ್ತೇನೋ. ನನ್ನನ್ನು ಶಾಲೆ ಬಿಡಿಸಿದ್ದೂ ಇದೇ ಬಾಯಿ.

ನಾಲ್ಕು ವರ್ಷ ಜಿಲ್ಲಾ ಮುಖ್ಯಸ್ಥೆಯಾಗಿದ್ದ ಬಿಹ್ವಾ ಅಕ್ಕ ನಿನ್ನೆಯ ಚುನಾವಣೆಯಲ್ಲಿ ಸೋತರು. ನಮ್ಮಲ್ಲಿ ಸೋತವರೂ ಮರುದಿನ ಲಾರಿ ಹತ್ತಿ ಊರು ಸುತ್ತಿ ಮತದಾರರಿಗೆ ಧನ್ಯವಾದ ಹೇಳಲೇಬೇಕು. ಮೈಕಿನಲ್ಲಿ ಕೂಗುವವಳು ನಾನು. "ಇದೊಂದು ಸುತ್ತು ಮುಗಿಸಿ ರಾಜಕೀಯ ಬಿಡ್ತೀನಿ" ಎಂದು ಅಕ್ಕ ಬೆಳಗ್ಗೆಯೇ ಹೇಳಿದ್ದರು.

ನಮ್ಮ ಬಂದರಿನಲ್ಲಿ ಸಿಂಪಿಯ ಚಿಪ್ಪು ಸೀಳಿ ಮಾಂಸ ಬಿಡಿಸುತ್ತಿದ್ದ ಅಜ್ಜಿಯೊಬ್ಬಳು ಚಾಕು ಹಿಡಿದೇ ಲಾರಿಗೆ ಅಡ್ಡ ನಿಂತಳು.

"ನಂಗ್ಯಾಕಮ್ಮ ಥ್ಯಾಂಕ್ಸು? ನಾನ್ ನಿಂಗೆ ವೋಟೇ ಹಾಕಿಲ್ಲ. ನಾಲ್ಕು ವರ್ಷದಲ್ಲಿ ಈ ಕಡೆ ಎಷ್ಟು ಸಲ ಬಂದೆ ಹೇಳು?"

ಅಕ್ಕ ನನ್ನ ಮುಖ ನೋಡಿದರು.

"ಎರಡು ಸಲ. ಎರಡೂ ವೋಟು ಕೇಳೋಕೆ," ಎಂದೆ. ಮೈಕು ಆರಿಸಿರಲಿಲ್ಲ. ಇಡೀ ಬಂದರು ನಕ್ಕಿತು.

"ಮುಗೀತು ನಿನ್ ಕೆಲ್ಸ," ಎಂದ ಡ್ರೈವರ್.

ಅಕ್ಕ ಇಳಿದು, ಪ್ರಚಾರಕ್ಕೆಂದು ಹಾಕುವ ಬಿಳಿ ಕೈಗವಸು ಕಳಚಿ, ಸೊಂಟದವರೆಗೆ ಬಾಗಿದರು. "ಅವಳು ಹೇಳಿದ್ದು ನಿಜ, ಅಜ್ಜಿ."

"ಬಾಗಿದ್ದು ಸಾಕು. ಕೈ ಖಾಲಿ ಇದ್ಯಲ್ಲ, ಕೂತು ಸಿಂಪಿ ಬಿಡಿಸು."

ಎರಡು ತಾಸು ಕೂತರು, ಬೆರಳು ಕುಯ್ದುಕೊಂಡರು. ಕಾಲುವೆಯಲ್ಲಿ ಹೂಳು ತುಂಬಿ ದೋಣಿ ಸಿಕ್ಕಿಕೊಳ್ಳುತ್ತದೆ ಎಂಬ ಅಜ್ಜಿಯ ದೂರನ್ನು ಪೂರ್ತಿ ಕೇಳಿಸಿಕೊಂಡರು.

ವಾಪಸ್ ಬರುವಾಗ ಅಕ್ಕ ರಾಜಕೀಯ ಬಿಡುವ ಮಾತೆತ್ತಲಿಲ್ಲ. "ಹುದ್ದೆ ಇನ್ನೂ ಒಂದು ತಿಂಗಳಿದೆ. ಮಂಗಳವಾರ ನೀರು ಇಳಿದಾಗ ಕಾಲುವೆ ನೋಡೋಣ. ನಿನ್ ಸ್ಕೂಟರ್ ತಗೊಂಡ್ ಬಾ, ಪ್ರಚಾರದ ಬಾವುಟ ಬೇಡ" ಎಂದರು.

ನಮ್ಮಲ್ಲಿ ಇಪ್ಪತ್ತು ತುಂಬಿದರೆ ವೋಟು; ಮುಂದಿನ ಚುನಾವಣೆಗೆ ನನಗೂ ಇರುತ್ತದೆ. ಅವರಿಗೇ ಹಾಕುತ್ತೇನೆ ಎಂದು ಇವತ್ತೇ ಬರೆದರೆ ಸುಳ್ಳಾಗುತ್ತದೆ. ಆದರೆ ಮಂಗಳವಾರ ಅವರು ಕೆಸರಿಗೆ ಇಳಿದರೆ, ನಾನೂ ಹಿಂದೆಯೇ ಇಳಿಯುತ್ತೇನೆ.