ಉಸಿರು ಕಟ್ಟಿದ ಟ್ಯಾಂಕು

ಚನ್ನರಾಯಪಟ್ಟಣ
೧೨-೨-೨೦೨೫, ಬುಧವಾರ

ಪ್ರೀತಿಯ ರಂಜಿನೀ, ನನ್ನ ರಥಶಿಲ್ಪಿಯೇ,

ನಿನ್ನ ಕೆಮ್ಮು ಇಳಿಯಿತೇ? ಪುಣೆಯ ಆ ಬಸ್ ವರ್ಕ್‌ಶಾಪಿನ ಹೊಗೆ ಕುಡಿದು ಗಂಟಲು ಕೆಡಿಸಿಕೊಳ್ಳಬೇಡ; ಬಿಸಿನೀರಿಗೆ ಉಪ್ಪು ಹಾಕಿ ಮುಕ್ಕಳಿಸು. ಮೂವತ್ತು ವರ್ಷ ದುರ್ಯೋಧನನಾಗಿ ಕೂಗಿದ ಗಂಟಲು ಹೇಳುವ ಮಾತಿದು. ನಾನೂ ನಿನ್ನಮ್ಮ ಮುದ್ದಮ್ಮನೂ ಚೆನ್ನಾಗಿದ್ದೇವೆ. ಈಗ ಪರದೆ ಮೇಲೇಳಲಿ!

ನಿನ್ನ ಕಾರು ಹಾಸನ ಮುಟ್ಟಿತು ಮಗಳೇ! ತಳ್ಳಿಸಿಕೊಂಡಲ್ಲ, ಹಗ್ಗ ಕಟ್ಟಿಸಿಕೊಂಡಲ್ಲ, ತನ್ನ ನಾಲ್ಕು ಚಕ್ರಗಳ ಮೇಲೆ! ನಾಟಕ ಕಂಪನಿ ಮುಚ್ಚಿದಾಗ ನನ್ನ ಪಾಲಿಗೆ ಬಂದ ಆ ಮುದಿ ಕಾರಿನ ಟಾಪು ಕೊಯ್ದು, ಜೀಪಿನ ಎಂಜಿನ್ ಕೂರಿಸಿ, ತುಕ್ಕು ಹಿಡಿದ ಪೆಟ್ರೋಲ್ ಟ್ಯಾಂಕನ್ನು ಮಾತ್ರ ಹಾಗೇ ಬಿಟ್ಟು ನೀನು ಹೋದೆ. ಎರಡು ವರ್ಷ ಅದು ಕೊಟ್ಟಿಗೆಯಲ್ಲೇ ನಿಂತಿತ್ತು. ಕೊನೆಗೆ ನಿನ್ನಮ್ಮ ಗಡುವು ಕೊಟ್ಟಳು: "ಭಾನ್ವಾರ ಆಸ್ನದ್ ಹಳೇಕಾರ್ ಮೆರವಣ್ಗೆಗೆ ಓದ್ರೆ ಸರಿ. ಇಲ್ದಿದ್ರೆ ಸೋಮ್ವಾರ ಗುಜ್ರಿಯವ್ನು ಬತ್ತಾನೆ. ನನ್ ಅಸ ಬಿಸ್ಲಲ್ಲಿ ಒಣಗ್ತಾ ಅದೆ!"

ಹೊಸ ಟ್ಯಾಂಕು ಎಲ್ಲೂ ಸಿಗಲಿಲ್ಲ. ನಮ್ಮ ಕಂಪನಿಗೆ ಕಿರೀಟ, ಗದೆ ಮಾಡಿಕೊಡುತ್ತಿದ್ದ ತಗಡಿನ ಗುಂಡಯ್ಯನ ಕೈಗೆ ನೀನು ಕಳಿಸಿದ ನಕ್ಷೆ ಇಟ್ಟೆ. ಏನು ಕೈ ಅವನದು! ಕಾರಿನಡಿಯ ಹಳೇ ಕಬ್ಬಿಣದ ಪಟ್ಟಿಗಳಲ್ಲಿ ಹೊಸ ಟ್ಯಾಂಕು ಕೂದಲೆಳೆಯಷ್ಟೂ ಅಲುಗದಂತೆ ಕೂತಿತು. ಕೂರಿಸುವ ಮೊದಲೇ ನೀರು ತುಂಬಿ ನೋಡಿದ್ದೆವು, ಒಂದು ಹನಿ ಸೋರಿರಲಿಲ್ಲ. ಆದರೆ ಮುಚ್ಚಳದಲ್ಲಿ ಸೂಜಿಮೊನೆಯಷ್ಟು ತೂತು! "ಗದೇಲಿ ಬಿಟ್ಟಂಗೆ ಇಲ್ಲೂ ತೂತ್ ಬಿಟ್ಬುಟ್ಯೇನ್ಲಾ?" ಎಂದು ಗದರಿ ಬೆಸುಗೆ ಹಾಕಿಸಿದೆ. "ನಕ್ಷೇಲೇ ಅದೆ ಕಣಣ್ಣ" ಎಂದ ಪಾಪ. ದುರ್ಯೋಧನ ಯಾರ ಮಾತು ಕೇಳಿಯಾನು?

ಭಾನುವಾರ ಹೊರಟೆವು. ಪಕ್ಕದಲ್ಲಿ ಹಾರ್ಮೋನಿಯಂ ಗೌರೀಶ, ಹಿಂದೆ ನಿನ್ನಮ್ಮ. ಶಾಂತಿಗ್ರಾಮಕ್ಕೆ ಮೊದಲೇ ಎಂಜಿನ್ ಗುಕ್ಕೆಂದು ನಿಂತಿತು. ಮುಚ್ಚಳ ತಿರುಗಿಸಿದರೆ ಟ್ಯಾಂಕು ಉಸ್ಸೆಂದು ಗಾಳಿ ಎಳೆದುಕೊಂಡಿತು, ಮತ್ತೆ ಓಡಿತು. ಎರಡು ಮೈಲಿಗೆ ಮತ್ತೆ ಗುಕ್ಕು! ಬಸ್ಸಿನ ಕಿಟಕಿಯಿಂದ ಒಬ್ಬ, "ಯಜಮಾನ್ರೇ, ಕುದ್ರೆ ಕಟ್ರೀ!" ಎಂದ. ನಿನ್ನಮ್ಮ ಗುಜರಿಯವನ ನಂಬರು ಹುಡುಕತೊಡಗಿದಳು. ನಾನು ಮತ್ತೆ ಮುಚ್ಚಳ ತಿರುಗಿಸಿದೆ, ಮತ್ತೆ ಉಸ್! ಆಗ ಆ ಉಸ್ಸೆಂಬ ಸದ್ದಿಗೆ ಕಿವಿಗೊಟ್ಟಿದ್ದ ಗೌರೀಶ, "ಅಲ್ಲಾ ಗಂಗಣ್ಣ, ಗಾಳಿ ಒಳಕ್ ಓಗ್ದೆ ನನ್ ಪೆಟ್ಗೇಲಿ ಸ್ವರ ಬತ್ತದಾ? ನಿನ್ ಟ್ಯಾಂಕ್ಗೂ ಉಸ್ರು ಬ್ಯಾಡ್ವಾ?" ಎಂದ. ಪೆಟ್ರೋಲು ಹೊರಗೆ ಹೋದಷ್ಟೂ ಗಾಳಿ ಒಳಗೆ ಬರಬೇಕು. ಅದಕ್ಕೇ ನೀನು ಆ ತೂತು ಬರೆದದ್ದು! ಮುಚ್ಚಳವನ್ನು ದೂರದ ಕಲ್ಲಿನ ಮೇಲಿಟ್ಟು, ಮೊಳೆ ಹೊಡೆದು ನಾನೇ ಚುಚ್ಚಿದೆ. ಅಲ್ಲಿಂದ ಹಾಸನದವರೆಗೆ ಒಂದೇ ಗರ್ಜನೆ! ಮೆರವಣಿಗೆಯವರು ಮೈದಾನದಲ್ಲಿ ಮೈಕು ಕೊಟ್ಟು, ಇದನ್ನು ಕಟ್ಟಿದವರು ಯಾರೆಂದು ಕೇಳಿದರು. ನನಗೇಕೆ ಮೈಕು? ದೂರದ ಗೇಟಿನವನಿಗೂ ಕೇಳುವಂತೆ ಕೂಗಿದೆ: "ನನ್ನ ಮಗಳು! ನಾನು ಬರೀ ಅವಳು ಬಿಟ್ಟ ತೂತು ಮುಚ್ಚಿದವನು!"

ಗುಂಡಯ್ಯನಲ್ಲಿ ತಪ್ಪೊಪ್ಪಿಕೊಂಡು ಬಂದಿದ್ದೇನೆ. ನಿನ್ನ ಕೈಯ ಸ್ಪ್ಯಾನರ್ ಎಂದೂ ಜಾರದಿರಲಿ ಎಂದು ಹರಸುವ,

ನಿನ್ನಪ್ಪ
ಗಂಗಯ್ಯ

ತಾ.ಕ.: ಮುಖ್ಯವಾದದ್ದನ್ನೇ ಮರೆತೆ. ನಿನ್ನಮ್ಮ ಈಗ ಡ್ರೈವಿಂಗ್ ಕಲಿಯಬೇಕಂತೆ! ನಾನು ಕಲಿಸುತ್ತೇನೆಂದರೆ, "ನಿಮ್ ಕೂಗಾಟ್ಕೆ ಕಾರು ಕೆರೆಗೇ ಓಗೋದು. ನನ್ ಮಗ್ಳು ಬರ್ಲಿ" ಎನ್ನುತ್ತಾಳೆ. ಕೀಲಿ ಅವಳ ಸೊಂಟದಲ್ಲಿದೆ, ನಾನು ಮುಟ್ಟುವಂತಿಲ್ಲ. ಬೇಗ ರಜೆ ಹಾಕು.