ತಂಬಾಕಿಲ್ಲದ ವೀಳ್ಯ

ಕೂಡ್ಲಿಗಿ
9-4-2025

ಪ್ರೀತಿಯ ಅಂಜಿನಿಗೆ,

ನಿನ್ನ ಗೆಳತಿ ಮೈಲಮ್ಮ ಕೈಯಾರೆ ಬರೆಯುವ ಕಾಗದ. ನಿನ್ನ ಮಗ ಭರತ್ ಬಂದು ಕೋಮಲಾಳ ಮದುವೆ ಕಾರ್ಡು, ವೀಳ್ಯ ಕೊಟ್ಟು ಹೋಗಿ ವಾರದ ಮೇಲಾಯಿತು. ಮೈಲಮ್ಮ ಒಂದು ಮಾತೂ ಆಡಲಿಲ್ಲವಲ್ಲ ಎಂದು ನೀನು ಬೈದುಕೊಂಡಿರುತ್ತೀ. ಬೈದುಕೋ, ತಪ್ಪು ನನ್ನದೇ. ಫೋನು ಕೈಗೆತ್ತಿಕೊಂಡಿದ್ದೆ. ಆದರೆ ಈಗೀಗ ಎರಡು ಮಾತಾಡುವಷ್ಟರಲ್ಲಿ ದಮ್ಮು ಹತ್ತುತ್ತದೆ, ಆಮೇಲೆ ಬರೀ ಕೆಮ್ಮು. ಅದನ್ನು ಕೇಳಿ ನೀನು ಹರಪನಹಳ್ಳಿಯಲ್ಲಿ ಕೂತು ಗಾಬರಿಯಾಗುವುದು ಬೇಡ ಎಂದು ಪೆನ್ನು ಹಿಡಿದಿದ್ದೇನೆ. ಶಾಲೆಯಲ್ಲಿ ನಿನ್ನ ಪಾಟಿ ನೋಡಿ ಬರೆದವಳು ನಾನು, ಅಕ್ಷರ ಸೊಟ್ಟಗಿದ್ದರೆ ಅದು ನಿನ್ನಿಂದಲೇ ಬಂದದ್ದು.

ನಿನ್ನ ಮಗಳು ಕೋಮಲಾಗೆ ಒಳ್ಳೆಯ ಕಡೆ ಗೊತ್ತಾದದ್ದಕ್ಕೆ ಹೊಟ್ಟೆ ತುಂಬ ಸಂತೋಷ. ನಮ್ಮ ಯಜಮಾನರು ಕುರಿಗಳ ಹಿಂದೆ ತಿರುಗಾಡಿಕೊಂಡು ಗಟ್ಟಿಯಾಗಿದ್ದಾರೆ. ನನ್ನ ಉಸಿರಿನ ಕಥೆ ಮಾತ್ರ ನನಗೇ ಅರ್ಥವಾಗುತ್ತಿಲ್ಲ. ಅರ್ಥವಾದಷ್ಟು ಹೇಳುತ್ತೇನೆ, ಉಳಿದದ್ದನ್ನು ನೀನೇ ಬಿಡಿಸು.

ಹೋದ ತಿಂಗಳು ಪಂಚಾಯಿತಿ ಹತ್ತಿರ ಎದೆ ಪರೀಕ್ಷೆಯ ಕ್ಯಾಂಪು ಹಾಕಿದ್ದರು. ಡಾಕ್ಟರಮ್ಮ ಒಂದು ಕೊಳವೆ ಕೊಟ್ಟು, ಉಸಿರು ಎಳೆದುಕೊಂಡು ಜೋರಾಗಿ ಊದಿ ಎಂದರು. ಉಸಿರು ಹಿಡಿಯುವುದನ್ನು ನನಗೆ ಹೇಳಿಕೊಡಬೇಕೇ? ನಿನ್ನ ಜೊತೆ ಎಷ್ಟು ಹಂದರದಲ್ಲಿ ಸೋಬಾನೆ ಎತ್ತಿದವಳು ನಾನು! ಗತ್ತಿನಿಂದಲೇ ಊದಿದೆ. ದವಡೆಯಲ್ಲಿ ತಂಬಾಕು ಒತ್ತರಿಸಿಕೊಂಡಿದ್ದು ಮರೆತೇಹೋಗಿತ್ತು. ಬೆಳ್ಳನೆಯ ಕೊಳವೆ ಪೂರಾ ಕೆಂಚಗಾಯಿತು. ಸಾಲಿನಲ್ಲಿ ನಿಂತವರು ನಕ್ಕದ್ದೇ ನಕ್ಕದ್ದು.

ಡಾಕ್ಟರಮ್ಮ ನಗಲಿಲ್ಲ. ಬಾಯಿ ತೊಳೆಸಿ, ಬೇರೆ ಕೊಳವೆ ಹಾಕಿ ಮತ್ತೆ ಮತ್ತೆ ಊದಿಸಿದರು. "ಬೀಡಿ ಸೇದ್ತೀರಾ?" ಎಂದು ಕೇಳಿದರು.

"ಅಯ್ಯ, ನಾನ್ಯಾಕ ಬೀಡಿ ಸೇದ್ಲಿರೀ? ಬರೇ ತಂಬಾಕ. ಅದ್ರಾಗ ಹೊಗಿ ಎಲ್ಲೈತಿ?" ಎಂದೆ.

ಶ್ವಾಸಕೋಶದ ಶಕ್ತಿ ಬಹಳ ಕುಗ್ಗಿದೆ ಎಂದರು. ನನ್ನ ಹಿಂದೆಯೇ ನಮ್ಮ ಯಜಮಾನರು ಊದಿದರು. ಮೀಸೆ ಮೂಡಿದಾಗಿನಿಂದ ಬೀಡಿ ಬಿಡದ ಮನುಷ್ಯ, ಅವರದು ಸದ್ಯಕ್ಕೆ ಪರವಾಗಿಲ್ಲವಂತೆ! ಇದು ಯಾವ ನ್ಯಾಯ ಹೇಳು. ನನಗೆ ತಡೆಯಲಾಗಲಿಲ್ಲ.

"ನಿಮ್ಮ ಮಷಿನ್ ಕೆಟ್ಟೈತೇನ್ರೀ ಅಮ್ಮ? ಹೊಗಿ ಬಿಟ್ಟಾವ್ರು ಅವ್ರು, ದಮ್ಮು ಹತ್ತಿದ್ದು ನನಗ!"

ಆಕೆ ಬೇಸರಪಟ್ಟುಕೊಳ್ಳದೆ ಒಲೆಯ ಬಗ್ಗೆ ಕೇಳಿದರು, ಕೂಲಿಯ ಬಗ್ಗೆ ಕೇಳಿದರು. ಗ್ಯಾಸು ಬಂದರೂ ರೊಟ್ಟಿ ಇನ್ನೂ ಸೌದೆ ಒಲೆಯ ಮೇಲೇ, ಸುಗ್ಗಿಯಲ್ಲಿ ಮೆಕ್ಕೆಜೋಳದ ಮಷಿನ್ನಿನ ಮುಂದೆ ಧೂಳು ಕುಡಿಯುತ್ತೇನೆ ಎಂದೆ. "ಇದರಲ್ಲಿ ಯಾವುದು ಎಷ್ಟು ಕೆಡಿಸಿದೆ ಅಂತ ನಾನೂ ಹೇಳೋಕಾಗಲ್ಲ. ಹೊಗೆ ಬರಲ್ಲ ಅಂದ ಮಾತ್ರಕ್ಕೆ ತಂಬಾಕು ಒಳ್ಳೇದಲ್ಲಮ್ಮ. ಮೊದಲು ಅದನ್ನ ಬಿಡಿ. ಯಜಮಾನರೂ ಬೀಡಿ ಬಿಡಬೇಕು," ಎಂದರು. ಇವರು ತಲೆಯಾಡಿಸಿ, ಹೊರಗೆ ಬಂದು ಬೀಡಿ ಹಚ್ಚಿದರು.

ನಾನು ಬಿಟ್ಟೆ. ನಂಬು, ತಂಬಾಕಿನ ಸಂಚಿಯನ್ನೇ ಸೂರಿನ ಸಂದಿಯಲ್ಲಿ ಸಿಕ್ಕಿಸಿದ್ದೇನೆ. ನಾಲಿಗೆ ದವಡೆಯ ಮೂಲೆಗೆ ಹೋಗಿ ಹೋಗಿ ಹುಡುಕುತ್ತದೆ, ಸಣ್ಣ ಮಾತಿಗೂ ಸಿಟ್ಟು ಬರುತ್ತದೆ. ಒಂದು ಎಸಳು ದವಡೆಗಿಟ್ಟರೆ ಗಂಟಲು ತೆರೆಯುತ್ತದೆ ಎಂದು ನಮಗೆ ಹಾಡು ಕಲಿಸಿದವರೇ ಹೇಳಿಕೊಟ್ಟಿದ್ದರಲ್ಲವೇ? ಈಗ ಅದೇ ತಂಬಾಕು ಉಸಿರು ಕಟ್ಟಿಸುತ್ತದೆ ಅನ್ನುತ್ತಾರೆ. ಬಿಟ್ಟ ಮೇಲಾದರೂ ಉಸಿರು ಬಂತೇ ಎಂದರೆ ಅದೂ ಇಲ್ಲ. ನಾನು ಯಾರನ್ನು ನಂಬಲಿ?

ಇಂಥದರಲ್ಲಿ ನಿನ್ನ ವೀಳ್ಯ ಬಂತು. ನಮ್ಮ ಕಡೆ ಉಣ್ಣಲು ಬರುವವರಿಗೆ ಎಲೆ, ಅಡಿಕೆ. ಹಾಡಲು ಬರುವವರಿಗೆ ಅದರ ಮೇಲೊಂದು ತಂಬಾಕಿನ ಎಸಳು. ನಾವಿಬ್ಬರೂ ಯಾವತ್ತೂ ಕಾರ್ಡು ನೋಡಿ ಮದುವೆಗೆ ಹೋದವರಲ್ಲ, ಆ ಎಸಳು ನೋಡಿ ಹೋದವರು. ನಿನ್ನ ಪೊಟ್ಟಣದಲ್ಲಿ ಎಲೆ ಇತ್ತು, ಅಡಿಕೆ ಇತ್ತು, ತಂಬಾಕು ಇರಲಿಲ್ಲ. ಪೊಟ್ಟಣ ಕೊಡವಿದೆ. ಹುಡುಗನ ಚೀಲವನ್ನೂ ತೆಗೆಸಿ ನೋಡಿದೆ. "ಅವ್ವ ಇಷ್ಟ ಕೊಟ್ಟಾಳ ಚಿಗವ್ವ," ಎಂದು ಅವನು ಪೆಚ್ಚಾಗಿ ನಿಂತ.

"ಮದಿವಿ ಗದ್ದಲದಾಗ ಮರ್ತಿರ್ತಾಳ ಬಿಡು," ಎಂದರು ಯಜಮಾನರು. ಪಕ್ಕದ ಮನೆಯ ಅನ್ನದಾನಮ್ಮ, ನಮ್ಮ ಮೇಳದಲ್ಲಿ ಹಿಂದೆ ದನಿಗೂಡಿಸುವವಳು, ಸುಮ್ಮನಿರಬೇಕಲ್ಲ? "ನಿನ್ನ ಹಾಡಾಕ ಕರದಿಲ್ಲಬೇ, ಉಣ್ಣಾಕ ಕರದಾರ. ಹರಪನಹಳ್ಳ್ಯಾಗ ಹಾಡೋರಿಗೆ ಬರಾ ಐತೇನು?" ಎಂದಳು.

ಲೇ ಅಂಜಿನಿ, ನನಗೆ ದಿಕ್ಕೇ ತೋಚುತ್ತಿಲ್ಲ. ನನ್ನ ದಮ್ಮಿನ ಸುದ್ದಿ ಯಾರೋ ನಿನ್ನ ಕಿವಿಗೆ ಹಾಕಿ, ಅದಕ್ಕೇ ನೀನು ಅಕ್ಕರೆಯಿಂದ ತಂಬಾಕು ತೆಗೆದಿಟ್ಟೆಯೋ? ಇಲ್ಲಾ ಬೇರೆಯವರಿಗೆ ಮಾತು ಕೊಟ್ಟೆಯೋ? ಒಂದು ಹೊತ್ತು ನಿನ್ನನ್ನು ನೆನೆದು ಕಣ್ಣು ತುಂಬುತ್ತದೆ, ಇನ್ನೊಂದು ಹೊತ್ತು ಬಸ್ಸು ಹತ್ತಿ ಬಂದು ನಿನ್ನ ಜಡೆ ಹಿಡಿಯಬೇಕು ಅನಿಸುತ್ತದೆ. ಕೋಮಲಾಳನ್ನು ತೊಟ್ಟಿಲಿಗೆ ಹಾಕಿದ ದಿನ ಹಾಡು ಎತ್ತಿದವಳು ನಾನು. ಇವಳ ಮದುವೆಗೂ ನಾನೇ ಎಂದು ಅಂದೇ ಎಲ್ಲರ ಮುಂದೆ ಹೇಳಿದ್ದೆ. ಅವಳಿಗೆ ಅರಿಶಿಣ ಹಚ್ಚುವಾಗ ಮೊದಲ ಸೊಲ್ಲು ನನ್ನದೋ ಅಲ್ಲವೋ, ಅಷ್ಟು ಹೇಳಿಬಿಡು.

ಉಜ್ಜಿನಿ ಮರುಳಸಿದ್ಧನೂ ನಮ್ಮ ಬೀರಪ್ಪನೂ ಮಗಳನ್ನು ಚೆನ್ನಾಗಿಟ್ಟಿರಲಿ. ಹೋದ ಮನೆಯಲ್ಲಿ ಅವಳ ಮಾತು ನಡೆಯಲಿ. ನೀನೂ ತಂಬಾಕು ಬಿಡು, ಯಾವುದಾದರೂ ಆಸ್ಪತ್ರೆಯಲ್ಲಿ ಒಮ್ಮೆ ಊದಿ ತೋರಿಸಿಕೋ. ಊದುವ ಮುಂಚೆ ಬಾಯಿ ತೊಳೆದುಕೋ.

ಇಂತಿ ನಿನ್ನ
ಮೈಲಮ್ಮ

ತಾ.ಕ.: ಕವರಿಗೆ ಅಂಟು ಹಚ್ಚಬೇಕು ಎಂದು ಕೂತವಳು ಮತ್ತೆ ಕಾಗದ ಹೊರಗೆ ತೆಗೆದೆ. ನಿನ್ನ ಹತ್ತಿರ ಯಾಕೆ ನಾಟಕ? ನಿನ್ನೆ ಇವರು ಕುರಿ ಹೊಡೆದುಕೊಂಡು ಹೋದ ಮೇಲೆ ಖಾಲಿ ಹಟ್ಟಿಯಲ್ಲಿ ನಿಂತು ಅರಿಶಿಣದ ಹಾಡು ಎತ್ತಿ ನೋಡಿದೆ. ಮೊದಲ ಸೊಲ್ಲಿನ ಕೊನೆಯಲ್ಲಿ ಮದುಮಗಳ ಹೆಸರು ಬರುತ್ತದಲ್ಲ, ಒಂದೇ ಉಸಿರಿನಲ್ಲಿ ಮುಟ್ಟಬೇಕಾದ್ದು. ಕೋಮಲಾಳ ಹೆಸರು ಬರುವ ಮುಂಚೆಯೇ ಉಸಿರು ಮುಗಿಯಿತು. ಮತ್ತೆ ಎತ್ತಿದೆ, ಮತ್ತೆ ಅಲ್ಲೇ. ಗೋಡೆ ಹಿಡಿದುಕೊಂಡು ಅತ್ತುಬಿಟ್ಟೆ. ನೀನು ತಂಬಾಕು ಇಟ್ಟು ಕರೆದಿದ್ದರೂ ನಾನು ಹಾಡಲಾರೆ ಅಂಜಿನಿ. ಅಂಜಿನಿ ನನ್ನನ್ನು ಹಾಡಲು ಕರೆಯಲೇ ಇಲ್ಲ ಎಂದು ಇಲ್ಲಿ ಮೇಳದವರಿಗೆಲ್ಲ ಹೇಳಿದ್ದೇನೆ, ಅವರು ನಿನ್ನನ್ನು ಬಾಯಿ ತುಂಬ ಬೈಯುತ್ತಿದ್ದಾರೆ. ಯಾರಾದರೂ ಕೇಳಿದರೆ ಹೌದು ಅಂದುಬಿಡು, ನನಗೋಸ್ಕರ ಅಷ್ಟು ಬೈಸಿಕೋ.