ಅತ್ತೆಯ ಮಂಚದ ಕೆಳಗಿನ ಸದ್ದು

ಬುಧವಾರ, ಬೆಳಿಗ್ಗೆ

ಪ್ರೀತಿಯ ಅತ್ತಿಗೆ,

ನಾವೆಲ್ಲ ಕ್ಷೇಮ ಎಂದು ಬರೆಯಲು ಕೈ ಏಳುತ್ತಿಲ್ಲ. ಬೈಯಬೇಡಿ, ನೇರವಾಗಿ ವಿಷಯಕ್ಕೆ ಬರುತ್ತೇನೆ. ನೀವು ಆದಷ್ಟು ಬೇಗ ಬಂದು ಅತ್ತೆಯನ್ನು ಕೆಲವು ದಿನ ನಿಮ್ಮ ಮನೆಗೆ ಕರೆದುಕೊಂಡು ಹೋಗಬೇಕು. ಫೋನಿನಲ್ಲಿ ಹೇಳೋಣವೆಂದರೆ ನನ್ನದು ಕೆಟ್ಟು ಕೂತಿದೆ, ಇರುವ ಇನ್ನೊಂದು ನಿಮ್ಮ ತಮ್ಮನ ಜೇಬಿನಲ್ಲಿ. ನಾನು ಹೊಲಿದ ಶಾಲೆಯ ಸಮವಸ್ತ್ರ ಒಯ್ಯಲು ಮಧ್ಯಾಹ್ನ ವ್ಯಾನ್ ಬರುತ್ತದೆ. ಅದು ನಿಮ್ಮ ಊರಿಗೇ ಹೋಗುವುದರಿಂದ ಡ್ರೈವರ್ ಕೈಯಲ್ಲಿ ಈ ಪತ್ರ ಕೊಡುತ್ತೇನೆ.

ನೀರು ಸರಬರಾಜು ಕಚೇರಿಯಲ್ಲಿ ನಿಮ್ಮ ತಮ್ಮನಿಗೆ ಬೀದಿ ಬೀದಿ ಸುತ್ತಿ, ನೀರು ಉಳಿಸಿ ಎಂದು ಜನರಿಗೆ ಹೇಳುವ ಕೆಲಸ ಕೊಟ್ಟದ್ದು ನಿಮಗೆ ಗೊತ್ತೇ ಇದೆ. ಅಂದಿನಿಂದ ನಮ್ಮ ಮನೆಯ ನೀರಿಗೆ ಬಿಡುವೇ ಇಲ್ಲ. ತರಕಾರಿ ತೊಳೆದದ್ದು ಗಿಡಕ್ಕೆ, ಬಟ್ಟೆ ಜಾಲಿಸಿದ್ದು ನೆಲಕ್ಕೆ, ನೆಲ ಒರೆಸಿದ್ದು ಕಕ್ಕಸಿಗೆ. ನಾನು ಅತ್ತರೆ ಅದಕ್ಕೂ ಒಂದು ಬಕೆಟ್ ಇಡ್ತೀರಾ ಎಂದು ಕೇಳಿದೆ, ನಗಲಿಲ್ಲ. ಇಷ್ಟೆಲ್ಲ ಮಾಡಿದರೂ ಬೀದಿಯಲ್ಲಿ ಎಲ್ಲರಿಗಿಂತ ಹೆಚ್ಚು ಓಡುತ್ತಿರುವುದು ನಮ್ಮ ಮೀಟರೇ. ಊರಿಗೆಲ್ಲ ಬುದ್ಧಿ ಹೇಳುವವರ ಮನೆಯಲ್ಲಿ ಹೀಗೇಕೆ ಎಂದು ನೋಡಲು ಕಚೇರಿಯ ಸಾಹೇಬರೇ ನಾಳೆ ಬರುತ್ತಾರಂತೆ. ನಿಮ್ಮ ತಮ್ಮನಿಗೆ ಊಟ ಸೇರುತ್ತಿಲ್ಲ.

ಅವರು ಬೊಟ್ಟು ಮಾಡುವುದು ಅತ್ತೆಯ ಕಡೆಗೆ. ಒಮ್ಮೆ ಅತ್ತೆ ಬಚ್ಚಲಿನ ನಲ್ಲಿ ನಿಲ್ಲಿಸಲು ಮರೆತದ್ದು ನಿಜ. ಆ ಒಂದು ದಿನವನ್ನೇ ಹಿಡಿದುಕೊಂಡು ಅವರು ಅಡುಗೆಮನೆಯದೊಂದು ಬಿಟ್ಟು ಉಳಿದ ನಲ್ಲಿಗಳ ಹಿಡಿಯನ್ನೆಲ್ಲ ಬಿಚ್ಚಿ, ಜೇಬಿಗೆ ಹಾಕಿಕೊಂಡು ಕೆಲಸಕ್ಕೆ ಹೋಗುತ್ತಾರೆ. ನಡೆದರೆ ಗಲಗಲ ಎನ್ನುತ್ತದೆ. "ಅಮ್ಮನಿಗೆ ಮರೆವು, ಏನ್ ಮಾಡೋದು" ಎಂದು ಕಚೇರಿಯಲ್ಲೂ ಹೇಳಿಬಿಟ್ಟಿದ್ದಾರೆ.

ಅದನ್ನು ಕೇಳಿದ ಅತ್ತೆ ನೀರು ಕುಡಿಯುವುದನ್ನೇ ಬಿಟ್ಟರು. ಲೋಟ ಕೊಟ್ಟರೆ ತುಟಿ ಒದ್ದೆ ಮಾಡಿಕೊಂಡು, ನಾನು ಅತ್ತ ತಿರುಗಿದಾಗ ಉಳಿದದ್ದನ್ನು ಬಿಂದಿಗೆಗೇ ಸುರಿಯುತ್ತಾರೆ. ಸಂಜೆ ಮಗ ಚಪ್ಪಲಿ ಬಿಡುವ ಮೊದಲೇ "ಇವತ್ತು ಮೀಟ್ರು ಕಡಿಮೆ ಓಡ್ತೇನಪ್ಪಾ?" ಎಂದು ಕೇಳುತ್ತಾರೆ.

ಅತ್ತೆಯ ಕೋಣೆ ನಿಮಗೆ ಗೊತ್ತಲ್ಲ, ಚಿಕ್ಕಂದಿನಲ್ಲಿ ನೀವು ನೀರು ಸೇದುತ್ತಿದ್ದ ಬಾವಿಗೆ ಮಣ್ಣು ತುಂಬಿಸಿ ಅದರ ಮೇಲೆ ನಿಮ್ಮ ತಮ್ಮ ಕಟ್ಟಿಸಿದ್ದು. ಕಚೇರಿಗೆ ತಿಳಿಸದೆ, ಅದರಡಿಯಲ್ಲಿ ನೀರಿನ ಪೈಪನ್ನೂ ತಾವೇ ಕೈಯಾರೆ ಹಾಕಿದ್ದರು. "ಮಂಚದ ಕೆಳಗೆ ಯಾರೋ ಸ್ನಾನ ಮಾಡ್ತಿದಾರೆ ಕಣಮ್ಮ, ಬಾವಿಗೆ ಮತ್ತೆ ಜೀವ ಬಂದಿದೆ" ಎಂದು ಅತ್ತೆ ಹೇಳುತ್ತಿದ್ದರು. ವಯಸ್ಸಾಯಿತು ಎಂದು ನಾನೂ ಹೂಂಗುಟ್ಟಿ ಸುಮ್ಮನಾಗುತ್ತಿದ್ದೆ. ನಿಮ್ಮ ತಮ್ಮನನ್ನು ಬರೀ ದೂರಿದರೆ ತಪ್ಪಾಗುತ್ತದೆ, ಒಂದು ಒಳ್ಳೆಯ ಮಾತನ್ನೂ ಬರೆಯುತ್ತೇನೆ. ಹೋದ ತಿಂಗಳು ಆ ಕೋಣೆಯ ಕಬ್ಬಿಣದ ಬೀರುವನ್ನು ಒಬ್ಬರೇ ತಳ್ಳಿಕೊಂಡು ಬಂದು ನಮ್ಮ ಕೋಣೆಯಲ್ಲಿಟ್ಟರು, ಅಮ್ಮನಿಗೆ ಓಡಾಡಲು ಜಾಗವಾಗಲಿ ಎಂದು.

ಇವತ್ತು ಎದ್ದ ಕೂಡಲೇ ಅತ್ತೆ ತಲೆ ಸುತ್ತಿ ಬಿದ್ದರು. ನಿಮ್ಮ ತಮ್ಮ ಆಗಲೇ ಹೊರಟುಹೋಗಿದ್ದರು. ಮನೆಗೆ ಬೀಗ ಹಾಕಿ ಡಾಕ್ಟರ ಹತ್ತಿರ ಕರೆದೊಯ್ದೆ. ಮೈಯಲ್ಲಿ ನೀರೇ ಇಲ್ಲವಲ್ಲಮ್ಮ ಎಂದು ಅವರು ನನ್ನನ್ನೇ ಗದರಿಸಿ ಡ್ರಿಪ್ ಹಾಕಿದರು. ವಾಪಸು ಬಂದು ಬೀಗ ತೆಗೆಯುವಾಗ ನೋಡುತ್ತೇನೆ, ಮೀಟರಿನ ಮುಳ್ಳು ತಿರುಗುತ್ತಲೇ ಇದೆ. ಒಳಗೆ ನರಪಿಳ್ಳೆಯಿಲ್ಲ. ಅಡುಗೆಮನೆಯ ನಲ್ಲಿಯನ್ನು ನಾನೇ ಬಿಗಿಯಾಗಿ ನಿಲ್ಲಿಸಿ ಹೋಗಿದ್ದೆ. ಅತ್ತೆಯ ಮಂಚ ಸರಿಸಿ ನೆಲಕ್ಕೆ ಕಿವಿಯಿಟ್ಟೆ. ಅತ್ತಿಗೆ, ಕೆಳಗೆ ನೀರು ಹರಿಯುತ್ತಿದೆ. ಗೋಡೆಯಿಂದ ಗೋಡೆಗೆ ನೆಲ ಬಿರುಕು ಬಿಟ್ಟಿದೆ, ತಟ್ಟಿದರೆ ಖಾಲಿ ಡಬ್ಬದ ಸದ್ದು, ಪೈಪು ಒಡೆದು ಬಾವಿಗೆ ತುಂಬಿದ ಮಣ್ಣು ಕೊಚ್ಚಿಹೋಗಿರಬೇಕು. ಹೊರಗಿನ ವಾಲ್ವು ಮುಚ್ಚಲು ಓಡಿದೆ, ಅದರ ಹಿಡಿಯೂ ಅವರ ಜೇಬು ಸೇರಿದೆ.

ಆದರೂ ಒಂದು ಸಮಾಧಾನವಾಯಿತು. ತಪ್ಪು ಪೈಪಿನದು, ಅತ್ತೆಯದಲ್ಲ. ನಿಮ್ಮ ತಮ್ಮ ಊಟಕ್ಕೆ ಬಂದ ತಕ್ಷಣ ಹೇಳುತ್ತೇನೆ, ಇವತ್ತೇ ಅಗೆಸುತ್ತಾರೆ. ರಿಪೇರಿ ಮುಗಿಯುವ ತನಕ ಅತ್ತೆ ನಿಮ್ಮಲ್ಲಿದ್ದು ಹೊಟ್ಟೆ ತುಂಬ ನೀರು ಕುಡಿಯಲಿ.

ನಿಮ್ಮ ದಾರಿ ಕಾಯುತ್ತಿರುವ,
ನಿಮ್ಮ ತಮ್ಮನ ಹೆಂಡತಿ

ತಾ.ಕ.: ಹೇಳಿದೆ. ಅವರು ಬೆಚ್ಚಲಿಲ್ಲ. ತಟ್ಟೆಯಿಂದ ತಲೆಯೆತ್ತದೆ "ಗೊತ್ತು. ನಾಳೆ ಸಾಹೇಬ್ರು ಬಂದು ಹೋಗ್ಲಿ, ಆಮೇಲೆ ಅಗೆಸ್ತೀನಿ" ಎಂದರು. ಯಾವಾಗಿನಿಂದ ಗೊತ್ತು ಎಂದು ಕೇಳಿದರೆ ಇನ್ನೊಂದು ತುತ್ತು ಕಲಸಿಕೊಂಡರು. ಆಗ ನನಗೆ ಬೀರು ನೆನಪಾಯಿತು. ಆ ನೆಲ ಭಾರ ತಡೆಯುವುದಿಲ್ಲ ಎಂದು ಅವರಿಗೆ ಹೋದ ತಿಂಗಳೇ ತಿಳಿದಿತ್ತು. ಬೀರುವನ್ನು ಈಚೆಗೆ ತಂದರು, ಅಮ್ಮನನ್ನು ಅಲ್ಲೇ ಬಿಟ್ಟರು. ಈಗ ಮಂಚವನ್ನು ಬಿರುಕಿನ ಮೇಲೆಯೇ ಹಾಕಿ ಅಮ್ಮ ನಾಳೆಯವರೆಗೆ ಮಲಗಿರಲಿ, ಕಾಯಿಲೆಯವರ ಕೋಣೆಯೊಳಗೆ ಸಾಹೇಬರು ಕಾಲಿಡುವುದಿಲ್ಲ ಎನ್ನುತ್ತಿದ್ದಾರೆ. ನಾನು ಹೊಲಿಗೆ ಯಂತ್ರವನ್ನು ಆ ಕೋಣೆಯ ಬಾಗಿಲಿಗೆ ಅಡ್ಡ ಎಳೆದುಕೊಂಡು, ಅದರ ಮೇಲೆಯೇ ಇದನ್ನು ಬರೆಯುತ್ತಿದ್ದೇನೆ. ವ್ಯಾನ್ ಹೊರಗೆ ಬಂದು ನಿಂತಿದೆ. ಇವತ್ತೇ ಹೊರಟು ಬನ್ನಿ ಅತ್ತಿಗೆ, ಅತ್ತೆ ನನ್ನ ಮಾತು ಕೇಳುತ್ತಿಲ್ಲ. ಹೊದಿಕೆ ಮಡಿಸಿ ಕಂಕುಳಲ್ಲಿ ಇಟ್ಟುಕೊಂಡು ನನ್ನೆದುರೇ ನಿಂತಿದ್ದಾರೆ. "ಸ್ವಲ್ಪ ದಾರಿ ಬಿಡಮ್ಮ, ಒಂದು ರಾತ್ರಿ ತಾನೆ, ಅವನ ಮರ್ಯಾದೆ ಉಳೀಲಿ" ಎನ್ನುತ್ತಿದ್ದಾರೆ.